ನಾಲ್ಕು ಬೆರಳು ತಗ್ಗಿಸಿದ ಕಾರು

ಹೋದ ಗೌರಿ ಹಬ್ಬಕ್ಕೆ ಅಕ್ಕನನ್ನು ತವರಿಗೆ ಕರೆದುಕೊಂಡು ಬರಲಿಲ್ಲ. ಕರೆಯಲು ಹೋಗಲೇ ಇಲ್ಲ ಅಂದಿದ್ದರೆ ಅದು ಬೇರೆ ಮಾತು. ಕೆಲಸವಿತ್ತು, ಜ್ವರ ಬಂದಿತ್ತು ಎಂದು ಏನಾದರೂ ಹೇಳಿ ಬಚಾವಾಗಬಹುದಿತ್ತು. ನಾನು ಹೋದೆ. ಬಾಗಿನದ ಮೊರ, ಸೀರೆ, ಬಳೆ, ಹೂವು ಎಲ್ಲವನ್ನೂ ಕಾರಿನಲ್ಲಿಟ್ಟುಕೊಂಡು ಅವಳ ಊರಿನ ಬಾಗಿಲಿಗೇ ಹೋದೆ. ಅಲ್ಲಿಂದ ಅವಳ ಮನೆ ಕಾಣುತ್ತಿತ್ತು. ಜಗಲಿಯ ಮೇಲೆ ನಿಂತಿದ್ದ ಅವಳೂ ಕಾಣುತ್ತಿದ್ದಳು. ನೋಡಿದೆ, ಕಾರು ತಿರುಗಿಸಿಕೊಂಡು ಬಂದುಬಿಟ್ಟೆ.

ಯಾಕೆ ಎಂದು ಹೇಳಿದರೆ ನಗುತ್ತೀರಿ. ನಗಿ, ಪರವಾಗಿಲ್ಲ. ಓದಿದವರ ಕಣ್ಣಲ್ಲಿ ನೀರು ತರಿಸುವಷ್ಟು ಅಕ್ಷರ ನನ್ನ ಹತ್ತಿರ ಇಲ್ಲ. ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ನನ್ನನ್ನೂ ನಾನು ಮೇಷ್ಟ್ರನ್ನೂ ಒಟ್ಟಿಗೇ ಕೈಬಿಟ್ಟೆವು. ಕಾರಣ ಇಷ್ಟೇ: ಅವಳ ಊರಿನ ರಸ್ತೆಯ ಹಂಪು ಎತ್ತರವಾಗಿತ್ತು, ನನ್ನ ಕಾರು ತಗ್ಗಾಗಿತ್ತು.

ಇದನ್ನು ನೆನಪಿಸುವುದಕ್ಕೆ ನಮ್ಮ ಹಿತ್ತಿಲಲ್ಲಿ ಆ ಕಾರಿನಿಂದ ಆಮೇಲೆ ಬಿಚ್ಚಿಸಿದ ಒಂದು ಹಳದಿ ಸ್ಪ್ರಿಂಗು ಇದೆ. ನನ್ನ ಹೆಂಡತಿ ಮಂಜುಳ ಅದನ್ನು ನೆಟ್ಟಗೆ ನಿಲ್ಲಿಸಿ ಮೇಲೆ ನೀರಿನ ಮಡಕೆ ಕೂರಿಸಿದ್ದಾಳೆ. ಸಿಂಬಿಗಿಂತ ಚೆನ್ನಾಗಿ ಹಿಡಿದುಕೊಳ್ಳುತ್ತದಂತೆ. ಬೆಳಿಗ್ಗೆ ಮುಖ ತೊಳೆಯಲು ಹೋದಾಗೆಲ್ಲ ಅದು ಕಾಣುತ್ತದೆ. ಮಂಜುಳ ಬೇಕೆಂದೇ ಅಲ್ಲಿಟ್ಟಿದ್ದಾಳೆ ಎಂದು ನನ್ನ ಅನುಮಾನ.

ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ನನ್ನದೊಂದು ವ್ಯಾಪಾರ. ತೋಟಗಳಿಂದ ಬಂದ ಎಳನೀರನ್ನು ಲಾರಿಗೆ ತುಂಬಿಸಿ ಕಳಿಸುವುದು. ಎಷ್ಟೋ ವರ್ಷ ನಾನೇ ಲಾರಿ ಹತ್ತಿ ಹೋಗುವುದೂ ಇತ್ತು. ಹೆದ್ದಾರಿಯಲ್ಲಿ ನಾವು ಬಾಣಂತಿಯ ಹಾಗೆ ನಿಧಾನಕ್ಕೆ ಹೋಗುತ್ತಿದ್ದರೆ, ಪಕ್ಕದಲ್ಲಿ ಸರ್ರೆಂದು ಒಂದು ಕಾರು ಹೋಗುತ್ತಿತ್ತು. ನೆಲಕ್ಕೆ ಅಂಟಿಕೊಂಡ ಹಾಗೆ, ಎರಡೇ ಬಾಗಿಲು, ಹಿಂದೆ ಹುಲಿ ಗುರುಗುಟ್ಟಿದ ಹಾಗೆ ಸದ್ದು. ಆಗ ಹುಟ್ಟಿದ ಆಸೆ. ಬೆಂಗಳೂರಿನ ಯಾರೋ ಓಡಿಸಿ ಬೇಸತ್ತು ಮಾರಿದ ಒಂದು ಹಳೇ ಕೆಂಪು ಸ್ಪೋರ್ಟ್ಸ್ ಕಾರು ನನ್ನ ಕೈಗೆ ಬಂದಾಗ ನನಗೆ ನಲವತ್ತು ದಾಟಿತ್ತು. ಹೊಟ್ಟೆಯೂ ಬಂದಿತ್ತು. ಆ ಕಾರಿನಿಂದ ನಾನು ಇಳಿಯುತ್ತಿರಲಿಲ್ಲ, ಏಳುತ್ತಿದ್ದೆ. ಬಾಗಿಲಿನ ಮೇಲಂಚು ಹಿಡಿದು, ಮೊಣಕಾಲಿಗೆ ಕೈಕೊಟ್ಟು, 'ಅಯ್ಯಪ್ಪಾ' ಎಂದು.

ನಮ್ಮೂರು ನಿಡಘಟ್ಟದ ಒಳಗಡೆ. ಕಾರು ತಂದು ಮನೆಯ ಮುಂದೆ ನಿಲ್ಲಿಸಿದಾಗ ಅವ್ವ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಚೆನ್ನಾಗದೆ ಕಣ್ಲಾ," ಅಂದಳು. "ಮಿಕ್ಕಿದ್ ಎಲ್ಡು ಬಾಗ್ಲು ಯಾವತ್ತು ಕೊಡ್ತಾರಂತೆ?"

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಫೋನು ಬಿಡಬೇಕಲ್ಲ. ಒಂದು ಸಲ ಕಾರಿನ ವೀಡಿಯೋ ನೋಡಿದರೆ ಸಾಕು, ಅದು ಮದುವೆ ದಲ್ಲಾಳಿಯ ಹಾಗೆ ದಿನಾ ಇನ್ನೊಂದು ತಂದು ಮುಂದಿಡುತ್ತದೆ. ಗಾಲಿಗೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ಸಂದಿ ಇರುವುದು ಗಂಡಸಿಗೆ ಅವಮಾನ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹೋಗಿ ಕೈ ಇಟ್ಟು ನೋಡಿದೆ. ನನ್ನ ಕಾರಿನ ಸಂದಿಯಲ್ಲಿ ಮುಷ್ಟಿ ಸಲೀಸಾಗಿ ತೂರಿತು. ಅವತ್ತು ಊಟ ಸೇರಲಿಲ್ಲ.

"ಕೈ ಓಗೋ ಅಂಗಿದ್ರೆ ಕೆಸರು ತೊಳ್ಯೋಕೆ ಸುಲಭ ಅಲ್ವಾ?" ಅಂದಳು ಮಂಜುಳ.

ಅವಳಿಗೆ ಏನು ಗೊತ್ತು ಎಂದುಕೊಂಡೆ. ಲಾರಿಗೆ ಇನ್ನೊಂದು ಕಮಾನು ಪಟ್ಟಿ ಸೇರಿಸಿ ಎತ್ತರ ಮಾಡಿಕೊಡು ಎಂದು ಮೆಕ್ಯಾನಿಕ್ಕುಗಳ ಹಿಂದೆ ವರ್ಷಗಟ್ಟಲೆ ಅಲೆದವನು ನಾನೇ. ಈಗ ಕಾರನ್ನು ತಗ್ಗಿಸಿಕೊಡು ಎಂದು ಮಂಡ್ಯಕ್ಕೆ ಹೊರಟೆ.

ಮಂಡ್ಯದಲ್ಲಿ ಶಿವಲಿಂಗು ಅಂತ ಒಬ್ಬ ಮೆಕ್ಯಾನಿಕ್ಕು. ಅವನೂ ಇಂಥ ಕಾರನ್ನು ಮುಟ್ಟಿ ನೋಡಿದ್ದು ಅದೇ ಮೊದಲು. ನನಗಿಂತ ಅವನಿಗೇ ಹುರುಪು ಜಾಸ್ತಿ. ಇಬ್ಬರೂ ಚೀಲದ ಮೇಲೆ ಅಂಗಾತ ಮಲಗಿ ಕಾರಿನ ಅಡಿ ನೋಡಿದೆವು. ಗಾಲಿಯ ಹಿಂದೆ ದಪ್ಪ ಕಂಬಿ ಸುತ್ತಿದ ಸ್ಪ್ರಿಂಗು, ಅದರ ಹೊಟ್ಟೆಯೊಳಗೆ ಕೊಳವೆಯ ಹಾಗಿರುವ ಶಾಕು, ಅಂದರೆ ಶಾಕ್ ಅಬ್ಸಾರ್ಬರು.

"ನೋಡಣ್ಣ, ಸ್ಪ್ರಿಂಗು ಎತ್ತು ಇದ್ದಂಗೆ. ಭಾರ ಹೊರ್ತದೆ. ಶಾಕು ಮೂಗ್‌ದಾರ ಇದ್ದಂಗೆ. ಅದು ಇಲ್ದೆ ಓದ್ರೆ ಎತ್ತು ಒಂದ್ ಗುಂಡಿ ಕಂಡ್ರೂ ಊರಾಚೆ ಗಂಟ ಕುಣೀತಾನೇ ಓಯ್ತದೆ."

"ಬರೀ ಗಿಡ್ಡ ಸ್ಪ್ರಿಂಗ್ ಆಕುದ್ರೆ ಸಾಲ್ದಾ?"

"ಗಿಡ್ಡ ಸ್ಪ್ರಿಂಗ್‌ಗೆ ಹಳೇ ಉದ್ದದ್ ಶಾಕು ಅಂದ್ರೆ ದೊಡ್ಡಣ್ಣನ್ ಚಡ್ಡಿ ಚಿಕ್ಕೋನ್ಗೆ ಆಕ್ದಂಗೆ ಕಣಣ್ಣ. ನಡೀತಾನೆ. ಯಾವಾಗ ಜಾರ್ತದೋ ಯೋಳಕಾಗಲ್ಲ."

ಹಾಗಾಗಿ ಜೋಡಿಯನ್ನೇ ತರಿಸುವುದು ಎಂದಾಯಿತು. ಅವನ ಫೋನಿನಲ್ಲಿ ಮೂರು ಥರದ್ದು ತೋರಿಸಿದ. ಮೊದಲನೆಯದು ಎರಡು ಬೆರಳು ತಗ್ಗಿಸುವಂಥದ್ದು, ಮೆತ್ತಗಿನದು. ಮನೆಮಂದಿ ಕೂತರೂ ಬೈಯುವುದಿಲ್ಲವಂತೆ. ಇನ್ನೊಂದು, ಸ್ಪ್ಯಾನರ್ ಹಾಕಿ ಬಳೆ ತಿರುಗಿಸಿದರೆ ಬೇಕಾದಾಗ ಏರುವ, ಬೇಕಾದಾಗ ಇಳಿಯುವಂಥದ್ದು. ಮತ್ತೊಂದು, ನಾಲ್ಕು ಬೆರಳು ತಗ್ಗು, ಕಲ್ಲಿನಷ್ಟು ಗಟ್ಟಿ. ಆ ಮೂರನೆಯದರ ಬಣ್ಣ ಹಳದಿ.

ನನ್ನ ಕಾರು ಕೆಂಪು. ಅದರೊಳಗೆ ಹಳದಿ. ನಿಮಗೇ ಗೊತ್ತಾಗಿರಬೇಕು. ನವೆಂಬರ್ ತಿಂಗಳಲ್ಲಿ ಬಾವುಟವನ್ನೇ ಬೇರೆ ಕಟ್ಟಬೇಕಾಗಿಲ್ಲ ಎಂದುಕೊಂಡೆ. ನಮ್ಮಕ್ಕ ಬಳೆ ಅಂಗಡಿಯಲ್ಲಿ ಕೂತರೆ ಬಣ್ಣ ಆಮೇಲೆ, ಮೊದಲು ಮುಷ್ಟಿ ಮಡಿಸಿ ಅಳತೆ ನೋಡುತ್ತಾಳೆ. ನಾನು ಅಳತೆ ಬಿಟ್ಟು ಬಣ್ಣ ನೋಡಿದೆ.

"ತಿರುಗ್ಸೋದು ತಗಳಣ್ಣ, ಬೇಕಾದಾಗ ಏರಿಸ್ಕಬೋದು," ಅಂದ ಶಿವಲಿಂಗು, ಅಷ್ಟೇನೂ ಒತ್ತಾಯವಿಲ್ಲದೆ.

"ಏರ್ಸೋ ಯೋಚ್ನೆ ಇರೋನು ಇಳಿಸ್ತಾನ್ಯಾಕ್ಲಾ?" ಅಂದೆ. ಬಹಳ ದೊಡ್ಡ ಮಾತು ಆಡಿದೆ ಅನ್ನಿಸಿತು.

"ಅಂಗಾರೆ ಯಾವ್ ರೋಡಲ್ಲಿ ಓಡ್ಸೋದು ಜಾಸ್ತಿ?"

"ಹೈವೇ," ಅಂದೆ.

ಅಂಗಡಿಯಲ್ಲಿ ಅದೊಂದೇ ಸರಿಯಾದ ಪ್ರಶ್ನೆ ಬಂದಿದ್ದು, ಅದಕ್ಕೇ ನಾನು ಸುಳ್ಳು ಹೇಳಿದೆ. ನಮ್ಮ ಮನೆಯಿಂದ ಹೆದ್ದಾರಿಗೆ ಬರುವುದೇ ಒಂದು ಸಾಹಸ. ಅಲ್ಲದೆ ಮಳವಳ್ಳಿ ಕಡೆ ಅಕ್ಕನ ಊರು. ಆ ದಾರಿಯಲ್ಲಿ ಒಂದೊಂದು ಊರಿಗೂ ಅದರದೇ ಹಂಪು, ಕೆಲವು ಊರಿಗೆ ಬರುವಾಗ ಒಂದು, ಹೋಗುವಾಗ ಒಂದು. ಆ ಹೊತ್ತಿನಲ್ಲಿ ಆ ರಸ್ತೆ ನೆನಪಾಗಲಿಲ್ಲ ಎಂದು ಬರೆಯಲು ಹೊರಟಿದ್ದೆ. ನೆನಪಾಯಿತು. ಸುಮ್ಮನಾದೆ.

ಅಕ್ಕನ ಬಗ್ಗೆ ಹೇಳಬೇಕು. ಜಯಮ್ಮ ಅವಳ ಹೆಸರು, ಊರಿಗೆಲ್ಲ ಜಯಕ್ಕ. ನನಗಿಂತ ಆರು ವರ್ಷ ದೊಡ್ಡವಳು. ಚಿಕ್ಕವರಿದ್ದಾಗ ಚಿಕ್ಕರಸಿನಕೆರೆಯ ದೇವಸ್ಥಾನಕ್ಕೆ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದೆವು. ಗಾಡಿಗೆ ಸ್ಪ್ರಿಂಗೂ ಇಲ್ಲ, ಶಾಕೂ ಇಲ್ಲ. ಹುಲ್ಲು ಹಾಸಿ ಮೇಲೆ ಗೋಣಿತಾಟು. ಆದರೂ ಕಲ್ಲಿನ ಮೇಲೆ ಗಾಲಿ ಹತ್ತಿದರೆ ಹಲ್ಲು ಹಲ್ಲಿಗೆ ಬಡಿಯುತ್ತಿತ್ತು. ಅಕ್ಕ ಕಾಲು ಚಾಚಿ ಕೂತು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡು ಕೈಯಿಂದ ಬಿಗಿಹಿಡಿಯುತ್ತಿದ್ದಳು. ದೇವಸ್ಥಾನದ ಹತ್ತಿರ ಇಳಿದು ನಾನು ಕುಣಿದು ಓಡುತ್ತಿದ್ದೆ, ಅವಳು ಸೊಂಟ ಹಿಡಿದುಕೊಂಡು ಕುಂಟುತ್ತಾ ಬರುತ್ತಿದ್ದಳು. ಗಾಡಿ ಪ್ರಯಾಣ ಅಂದರೆ ಅವಳಿಗೆ ಯಾಕೆ ಆಗುವುದಿಲ್ಲ ಎಂದು ನನಗೆ ಬಹಳ ವರ್ಷ ಅರ್ಥವಾಗಿರಲಿಲ್ಲ. ಬುದ್ಧಿ ನನಗೆ ಮೊದಲಿಂದಲೂ ತಡವಾಗಿಯೇ ಬರುತ್ತದೆ.

ಇನ್ನೊಂದು ಅವಳ ಗುಣ, ನನಗಾಗಿ ಸುಳ್ಳು ಹೇಳುವುದು. ಅಟ್ಟದ ಮೇಲೆ ಅವ್ವ ಅಚ್ಚು ಬೆಲ್ಲ ಇಡುತ್ತಿದ್ದಳು. ನಾನು ಹತ್ತಿ ತಿನ್ನುತ್ತಿದ್ದೆ. ಒಂದು ದಿನ ಅವ್ವ ಪೊರಕೆ ಹಿಡಿದು ನಿಂತಳು.

"ಇಲಿ ತಿಂತು ಕಣವ್ವ. ನಾನೇ ಕಂಡೆ, ಇಷ್ಟು ದಪ್ಪುದ್ದು," ಅಂದಳು ಅಕ್ಕ, ನನ್ನ ಗಾತ್ರಕ್ಕೆ ಸರಿಯಾಗಿ ಕೈ ಅಗಲಿಸಿ.

ಅವ್ವ ಅದನ್ನು ನಂಬಿ ಇಲಿ ಕತ್ತರಿ ತಂದು ಬೆಲ್ಲದ ಪಕ್ಕದಲ್ಲಿ ಒಡ್ಡಿದಳು. ಮಾರನೆಯ ದಿನ ಕತ್ತಲಲ್ಲಿ ನಾನು ಕೈ ಹಾಕಿದೆ. ಟಪ್. ಹೆಬ್ಬೆಟ್ಟು ಎರಡು ವಾರ ಬದನೆಕಾಯಿಯ ಹಾಗಿತ್ತು. ನನಗೂ ಸ್ಪ್ರಿಂಗಿಗೂ ಆಗಿಬರುವುದಿಲ್ಲ ಎಂದು ನಾನು ಅವತ್ತೇ ತಿಳಿದುಕೊಳ್ಳಬೇಕಿತ್ತು. ಬೆರಳು ಬಾಗಿಲಿಗೆ ಸಿಕ್ಕಿತು ಎಂದು ಅಕ್ಕ ಅದಕ್ಕೂ ಒಂದು ಸುಳ್ಳು ಹೇಳಿ, ಬಟ್ಟೆ ಸುತ್ತಿದಳು.

ನಮ್ಮ ಕಡೆ ಗೌರಿ ಹಬ್ಬಕ್ಕೆ ಅಣ್ಣನೋ ತಮ್ಮನೋ ಹೋಗಿ ಹೆಣ್ಣುಮಗಳನ್ನು ಕರೆದುಕೊಂಡು ಬರಬೇಕು. ಫೋನಿನಲ್ಲಿ ಕರೆದರೆ ಅದು ಕರೆದ ಹಾಗಲ್ಲ, ಅವಳು ಹೊರಡುವುದೂ ಇಲ್ಲ. ಅಕ್ಕನ ಗಂಡನ ತಮ್ಮನ ಹೆಂಡತಿ, ಅಂದರೆ ಅವಳ ವಾರಗಿತ್ತಿ ಸವಿತಾಳಿಗೆ ಮೂವರು ಅಣ್ಣಂದಿರು. ಪ್ರತಿ ವರ್ಷ ಯಾರಾದರೊಬ್ಬರು ಬಾಗಿಲಿಗೆ ಜೀಪು ತಂದು, ಬೀದಿಗೆಲ್ಲ ಕೇಳುವ ಹಾಗೆ ಹಾರನ್ ಹೊಡೆದು ತಂಗಿಯನ್ನು ಹತ್ತಿಸಿಕೊಳ್ಳುತ್ತಾರೆ. ನನ್ನ ಅಕ್ಕ ನನ್ನ ಜೊತೆ ಬಸ್ ಸ್ಟಾಪಿಗೆ ನಡೆಯುತ್ತಿದ್ದಳು. ನಾನು ಲಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡ ವರ್ಷಗಳಲ್ಲಿ ಅದೂ ಇಲ್ಲ. "ನಿಮ್ ತಮ್ಮನ್ ಲಾರಿ ಈ ವರ್ಸನಾದ್ರೂ ನಮ್ಮೂರ್ ಕಡೀಕೆ ತಿರುಗ್ತದಾ ಅಕ್ಕಾ?" ಎಂದು ಸವಿತಾ ಕೇಳುತ್ತಾಳಂತೆ. ಅಕ್ಕ ಅದನ್ನು ತಮಾಷೆಯ ಹಾಗೆ ನನಗೆ ಹೇಳಿದ್ದಳು. ಒಂದಲ್ಲ, ಮೂರ್ನಾಲ್ಕು ಸಲ ಹೇಳಿದ್ದಳು.

ಕಾರು ಬಂದ ವಾರವೇ ಅವಳಿಗೆ ಫೋನು ಮಾಡಿದೆ.

"ಈ ಸಲ ಕಾರಲ್ಲೇ ಬತ್ತೀನಿ ಅಕ್ಕ. ಬಾಗ್ಲಿಗೇ."

"ನಿಜ್ವೇನ್ಲಾ? ಬಾಗ್ಲಿಗೇ ಬತ್ತದಾ?"

"ನೀನು ಬೀದಿ ಮಣ್ಣು ಮೆಟ್ಟಂಗೇ ಇಲ್ಲ. ಜಗಲಿಯಿಂದ ಸೀದಾ ಕಾರೊಳೀಕೆ."

"ಅಂಗಾರೆ ರಂಗೋಲಿ ಒಂದೀಟು ಒತ್ತಾರ್ಸಿ ಬುಡ್ತೀನಿ. ಇಲ್ದೆ ಓದ್ರೆ ಮೇಲೇ ಅತ್ತಿಸ್ಬುಡ್ತೀಯಾ ನೀನು," ಅಂದು ನಕ್ಕಳು.

ಹಬ್ಬಕ್ಕೆ ಮೊದಲು ಕಾರು ತಯಾರಾಗಬೇಕು ಎಂದು ಶಿವಲಿಂಗುವಿನ ಕುತ್ತಿಗೆಯ ಮೇಲೆ ಕೂತು ಮಾಡಿಸಿದೆ. ಹಳದಿ ಸ್ಪ್ರಿಂಗು, ಹಳದಿ ಶಾಕು. ಕೆಳಗೆ ಇಳಿಸಿದಾಗ ಕಾರು ಕಾಲು ಮಡಿಸಿ ಕೂತ ಎಮ್ಮೆಯ ಹಾಗೆ ಕಂಡಿತು. ನನ್ನ ಕಣ್ಣಿಗೆ ಚಿರತೆ. ಸಂದಿಯಲ್ಲಿ ಮುಷ್ಟಿಯಿರಲಿ, ಒಂದು ಬೆರಳೂ ಹೋಗಲಿಲ್ಲ. ಓಡಿಸಿ ನೋಡೋಣ ಎಂದು ಮಂಡ್ಯದ ಹೊರಗಿನ ವಿ.ಸಿ. ಫಾರಂ ಕಡೆ ಹೊರಟೆ. ಮೊದಲನೆಯ ಹಂಪಿನಲ್ಲಿ ಅಡಿಯಿಂದ 'ಕರ್ರ್' ಎಂದು ಒಂದು ಸದ್ದು ಬಂತು, ಹಲ್ಲು ಕಿತ್ತ ಹಾಗೆ. ಹೊಲದ ಕೆಲಸ ಮುಗಿಸಿ ಸಾಲಾಗಿ ಬರುತ್ತಿದ್ದ ಹೆಂಗಸರು ರಸ್ತೆ ಬದಿಗೆ ನಿಂತರು.

"ನೆಲ ಉಳ್ತಾ ಓಯ್ತಾವ್ನೆ ಕಣಮ್ಮಿ," ಅಂದಳು ಒಬ್ಬಳು.

"ಹಿಂದೇಲೇ ಬೀಜ ಉಯ್ಕಂಡ್ ಓಗುಮಾ ನಡಿ," ಅಂದಳು ಇನ್ನೊಬ್ಬಳು.

ಗಾಜು ಏರಿಸಿಕೊಂಡೆ. ಬೀದಿ ನಾಯಿಗಳು ಈಗ ನನ್ನ ಕಣ್ಣಿಗೆ ಕಣ್ಣು ಸೇರಿಸಿ ನೋಡುತ್ತಿದ್ದವು.

ಹಬ್ಬದ ಹಿಂದಿನ ದಿನ ಹೊರಟೆ. ಮಂಜುಳ ಎರಡು ಮೊರ ಜೋಡಿಸಿ ಬಾಗಿನ ಕಟ್ಟಿಕೊಟ್ಟಳು. ಮದ್ದೂರು ದಾಟಿ ಮಳವಳ್ಳಿ ರಸ್ತೆ ಹಿಡಿದೆ. ಹಂಪು ದಾಟಿಸಲು ಒಂದು ಉಪಾಯ ಕಲಿತಿದ್ದೆ: ನೇರವಾಗಿ ಹೋಗಬಾರದು, ಓರೆಯಾಗಿ ಒಂದೊಂದೇ ಗಾಲಿ ಹತ್ತಿಸಬೇಕು, ಸಾಲ ಕೊಟ್ಟವನ ಅಂಗಡಿ ಮುಂದೆ ಹಾದುಹೋಗುವವನ ಹಾಗೆ. ಹಿಂದಿನ ಬಸ್ಸಿನವರು ಹಾರನ್ ಹೊಡೆದು ಹೊಡೆದು ನನ್ನ ವಂಶವನ್ನೆಲ್ಲ ಸ್ಮರಿಸಿದರು. ಒಂದೊಂದು ಹಂಪಿನಲ್ಲೂ 'ಕರ್ರ್'. ಗಟ್ಟಿ ಸ್ಪ್ರಿಂಗಿನ ಕೃಪೆಯಿಂದ ಒಂದೊಂದು ಗುಂಡಿಯೂ ನನ್ನ ಬೆನ್ನುಮೂಳೆಯನ್ನು ಹೆಸರು ಹಿಡಿದು ಕರೆಯಿತು. ಸೀಟಿನ ಮೇಲೆ ಎಗರಿ ಬಿದ್ದಾಗ ಗಾಡಿಯಲ್ಲಿ ಅಕ್ಕ ಸೊಂಟ ಹಿಡಿದು ಇಳಿಯುತ್ತಿದ್ದದ್ದು ನೆನಪಾಯಿತು. ಇವಳನ್ನು ಇದರಲ್ಲಿ ಹೇಗಪ್ಪಾ ಕರೆದೊಯ್ಯುವುದು ಎಂದು ಆಗ ಮೊದಲ ಸಲ ಹೊಳೆಯಿತು.

ಅಕ್ಕನ ಊರಿನ ಬಾಗಿಲಿಗೆ ಬಂದಾಗ ಅಲ್ಲೊಂದು ಹೊಸ ಹಂಪು ಎದ್ದಿತ್ತು. ಕಬ್ಬಿನ ಟ್ರಾಕ್ಟರುಗಳ ಓಟಕ್ಕೆ ಬೇಸತ್ತು ಊರಿನವರೇ ಕಲ್ಲು ಕಾಂಕ್ರೀಟು ಸುರಿದು ಕಟ್ಟಿಕೊಂಡದ್ದು. ಹಂಪಲ್ಲ ಅದು, ಕೆರೆ ಏರಿ. ರಸ್ತೆ ಕಿರಿದು, ಓರೆ ಹಾಕಲೂ ಜಾಗವಿಲ್ಲ. ಇಳಿದು, ಅಂದರೆ ಎದ್ದು, ಬಂಪರಿನ ಕೆಳಗೆ ಅಂಗೈ ಇಟ್ಟು, ಹಂಪಿನ ಪಕ್ಕ ಅಂಗೈ ಇಟ್ಟು ಅಳೆದೆ. ಅರಳಿಕಟ್ಟೆಯ ಮೇಲೆ ಕೂತಿದ್ದ ತಾತ ನೋಡುತ್ತಿದ್ದ.

"ಯಾರಪ್ಪಾ, ಪಂಚಾಯ್ತಿಯೋನಾ? ಅಂಪ್ಸ್ ಅಳೀತಿದ್ದೀಯಾ?"

"ಇಲ್ಲ ತಾತ, ಕಾರು ಅತ್ತದಾ ಅಂತ ನೋಡ್ತಿದ್ದೀನಿ."

"ಟ್ರಾಕ್ಟ್ರೇ ಇಲ್ಲಿ ಕೈಮುಕ್ಕಂಡ್ ಓಯ್ತವೆ. ಇದು ನೋಡುದ್ರೆ ಮಲಿಕಂಡೇ ಅದೆ. ಯಾರ್ ಮನೀಗೆ?"

ತಲೆ ಎತ್ತಿದೆ. ನಾಲ್ಕೈದು ಮನೆಯ ಆಚೆ ಅಕ್ಕನ ಜಗಲಿ. ಹೊಸ ಸೀರೆ ಉಟ್ಟು, ತಲೆ ತುಂಬ ಹೂವು ಮುಡಿದು, ಹುಬ್ಬಿಗೆ ಕೈ ಅಡ್ಡ ಹಿಡಿದು ಇತ್ತಲೇ ನೋಡುತ್ತಿದ್ದಳು. ಮನೆಯ ಮುಂದೆ ರಂಗೋಲಿ ಒಂದು ಬದಿಗೆ ಸರಿದಿತ್ತು. ಮಧ್ಯೆ ಕಾರಿಗೆಂದು ಬಿಟ್ಟ ಜಾಗ, ಸಾರಿಸಿ ಒಪ್ಪ ಮಾಡಿದ್ದು. ಪಕ್ಕದ ಜಗಲಿಗಳಲ್ಲಿಯೂ ಹೆಂಗಸರು ಕೂತಿದ್ದರು. ಎಲ್ಲರಿಗೂ ಹೇಳಿದ್ದಾಳೆ ಎಂದು ನೋಡಿದರೇ ಗೊತ್ತಾಗುತ್ತಿತ್ತು.

ಬಾಗಿನ ಕೈಲಿ ಹಿಡಿದು ನಡೆದು ಹೋದರೆ ಆಗಿಹೋಗುತ್ತಿತ್ತು. ಒಂದು ಬೀಡಿ ಸೇದಿ ಮುಗಿಸುವಷ್ಟು ದೂರವೂ ಇಲ್ಲ. ಆದರೆ ಬಾಗಿಲಿಗೇ ಕಾರು ಎಂದ ಗಂಡಸು ಅಷ್ಟು ಜಗಲಿಗಳ ಮುಂದೆ ನಡೆದುಕೊಂಡು ಹೋಗುವುದು ಹೇಗೆ? ನನ್ನ ಮುಖ ಹೋಗುತ್ತದೆ ಎಂದುಕೊಂಡೆ. ಅವಳ ಮುಖ ಏನಾಗುತ್ತದೆ ಎಂದು ಯೋಚಿಸಲಿಲ್ಲ.

"ಯಾರ್ ಮನೀಗೂ ಇಲ್ಲ ತಾತ," ಅಂದೆ.

ರಿವರ್ಸು ಹಾಕಿ ತಿರುಗಿಸಿದೆ. ಮದ್ದೂರಿನಿಂದ ಫೋನು ಮಾಡಿ ಟೈರು ಪಂಚರ್ ಆಯಿತು, ಸ್ಟೆಪ್ನಿಯೂ ಇಲ್ಲ, ಬರಲಾಗುವುದಿಲ್ಲ ಅಂದೆ.

"ಆಗ್ಲಿ ಬುಡು. ಉಸಾರಾಗ್ ಓಗು ಮಗಾ," ಅಂದಳು ಅಕ್ಕ.

"ನಾಳಿಕ್ ಬೆಳಗ್ಗೆ ಬಸ್ಸಲ್ಲಿ ಓಗಿ ಕರ್ಕಬನ್ನಿ," ಅಂದಳು ಮಂಜುಳ, ಮನೆ ಸೇರಿದ ಮೇಲೆ. ಬಸ್ಸಿನಲ್ಲಿ ಹೋದರೆ ಪಂಚರಿನ ಕಥೆ ಮುಖ ನೋಡಿಕೊಂಡು ಹೇಳಬೇಕು. ಸೊಂಟ ಹಿಡಿದಿದೆ ಅಂದೆ. ಅದು ಮಾತ್ರ ನಿಜವಾಗಿತ್ತು. ಹಬ್ಬ ಕಳೆಯಿತು. ಮೊರಗಳು ಅಟ್ಟದ ಮೇಲೆ, ಹಿಂದೆ ಬೆಲ್ಲ ಇರುತ್ತಿದ್ದ ಜಾಗಕ್ಕೆ ಹೋದವು. ಅವ್ವ ಹಬ್ಬದ ದಿನ ಒಂದು ಎಲೆ ಜಾಸ್ತಿ ಹಾಸಿ, ಆಮೇಲೆ ಅದನ್ನು ತೆಗೆದಳು.

ಅವರೆಕಾಯಿ ಬರುವ ಕಾಲದಲ್ಲಿ ಒಂದು ದಿನ ಮಾರುಕಟ್ಟೆಯಲ್ಲಿ ಎಳನೀರು ಇಳಿಸಿಕೊಳ್ಳುತ್ತಿದ್ದೆ. ಟೆಂಪೋ ಪಕ್ಕ ನಿಂತಿದ್ದ ಮುದುಕ ನನ್ನನ್ನೇ ದಿಟ್ಟಿಸಿದ.

"ನೀನೇ ಅಲ್ವೇನಪ್ಪಾ, ನಮ್ಮೂರ್ ಅಂಪ್ಸ್ ಅಳ್ದೋನು?"

ಕಟ್ಟೆಯ ತಾತ. ಎಂದೋ ಒಮ್ಮೆ ಬಸ್ಸಿಳಿದು ಬಂದುಹೋಗುತ್ತಿದ್ದ ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಹಾಗಾಗಿ ಒಳ್ಳೆಯ ತಮಾಷೆ ಸಿಕ್ಕಿತೆಂದು ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಹೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ.

"ನಮ್ಮ ಜಯವ್ವ ಪಾಪ, ತಮ್ಮ ಬತ್ತಾನೆ ಅಂತ ಬೆಳಗಿಂದ ಜಗಲಿ ಮ್ಯಾಲೇ ನಿಂತಿತ್ತು. ನೀನು ಅತ್ತಾಗ್ ತಿರುಗ್ಸುದ್ ಮ್ಯಾಲೆ ನಾನೇ ಓಗಿ ಕೇಳ್ದೆ, 'ನಿಮ್ಮೋರೇನವ್ವಾ?' ಅಂತ. 'ಇಲ್ಲ ತಾತ, ಯಾರೋ ದಾರಿ ತಪ್ಪಿ ಬಂದೋರು' ಅಂತು."

ನಗುತ್ತಿದ್ದವನು ಅರ್ಧಕ್ಕೆ ನಿಂತೆ. ಕೆಂಪು ಕಾರು, ಆ ದಿನ, ಆ ಹೊತ್ತು. ಅವಳಿಗೆ ಗೊತ್ತಿತ್ತು. ನಾನು ಫೋನಿನಲ್ಲಿ ಪಂಚರ್ ಎನ್ನುವುದಕ್ಕೆ ಮೊದಲೇ ಅವಳು ನನಗಾಗಿ ಒಂದು ಸುಳ್ಳು ಹೇಳಿ ಮುಗಿಸಿದ್ದಳು. ಇಲಿ ಬೆಲ್ಲ ತಿಂದಿತ್ತು.

ಮಾರನೆಯ ದಿನ ಅಟ್ಟದಿಂದ ಮೊರ ಇಳಿಸಿದೆ. ಮಂಜುಳ ಧೂಳು ಕೊಡವಿ, ಹೊಸ ಅಕ್ಕಿ ಬೇಳೆ ತುಂಬಿ, ಮತ್ತೆ ಕಟ್ಟಿಕೊಟ್ಟಳು. ಬೇಕೆಂದೇ ಅದೇ ಕಾರಿನಲ್ಲಿ ಹೋದೆ. ಅದೇ ಹಂಪಿನ ಈಚೆ ನಿಲ್ಲಿಸಿದೆ. ಎದ್ದು, ಮೊರ ಕೈಗೆ ತೆಗೆದುಕೊಂಡೆ. ತಾತ ಕಟ್ಟೆಯ ಮೇಲಿದ್ದ.

"ಮತ್ತೆ ಬಂದಾ? ಈಗ ಯಾರ್ ಮನೀಗಪ್ಪಾ?"

"ಜಯಕ್ಕನ ಮನೀಗೆ ತಾತ. ನಾನು ಅವಳ ತಮ್ಮ."

ತಾತ ಕಟ್ಟೆಯಿಂದ ಇಳಿದು ನಿಂತ.

ನಡೆದೆ. ಆ ನಾಲ್ಕೈದು ಮನೆ ದಾಟುವುದು ಮಳವಳ್ಳಿ ರಸ್ತೆಯ ಎಲ್ಲ ಹಂಪುಗಳಿಗಿಂತ ಕಷ್ಟವಾಯಿತು. ಅಕ್ಕ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು, ಪಕ್ಕದಲ್ಲಿ ಸವಿತಾ. ಅಕ್ಕ ಮೊರ ನೋಡಿದಳು, ನನ್ನನ್ನು ನೋಡಿದಳು.

"ಪಂಚರ್ ಆಕ್ಸೋಕೆ ಇಷ್ಟ್ ದಿನ ಬೇಕಾಯ್ತೇನ್ಲಾ?"

"ಅಯ್ಯೋ, ಕಾರಲ್ ಬತ್ತಾರೆ ಅಂದ್ರಲ್ಲಕ್ಕಾ, ನಡ್ಕಂಡ್ ಬತ್ತಾವ್ರೆ!" ಅಂದಳು ಸವಿತಾ.

ಅಕ್ಕ ಸಿಪ್ಪೆ ಕೊಡವಿಕೊಂಡು ಎದ್ದಳು. "ಅದು ಬಲು ನಾಜೂಕಿನ್ ಕಾರು ಕಣಮ್ಮಿ, ಬಿಸ್ಲಲ್ಲಿ ನಿಲ್ಲುಸ್ಬಾರ್ದು. ಊರಾಚೆ ನೆಳ್ಳಲ್ಲಿ ಬುಟ್ಟು ಬಂದವ್ನೆ. ಅವತ್ತೂ ಪಾಪ, ಮದ್ದೂರ್ ತಾವ್ಲೇ ಟೈರು..."

"ಅಕ್ಕಾ, ಸಾಕು ಬುಡು," ಅಂದೆ. ದನಿ ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. ಪಕ್ಕದ ಜಗಲಿಗಳಲ್ಲಿ ತಲೆಗಳು ಎದ್ದವು. ಏಳಲಿ ಅಂದುಕೊಂಡೆ. "ಟೈರು ಓಗಿರ್ಲಿಲ್ಲ. ಅವತ್ತು ದಾರಿ ತಪ್ಪಿ ಬಂದೋನು ನಾನೇ ಕಣಕ್ಕಾ. ಆ ಅಂಪ್ಸ್ ತಂಕ ಬಂದು, ನೀನು ನಿಂತಿದ್ದುದ್ ನೋಡ್ಬುಟ್ಟೇ ತಿರುಗ್ಸ್ಕಂಡ್ ಓದೆ. ನಡ್ಕಂಡ್ ಬರಕ್ಕೆ ನಾಚ್ಕೆ ಆಯ್ತು. ತಪ್ಪಾಯ್ತು ಅಕ್ಕಾ."